ಲೈಟ್ ಡ್ರೆಸ್ಸಿಂಗ್

ಆಸ್ಪತ್ರೆಯಲ್ಲಿ ನಾನೊಂದು ಸುಳ್ಳು ಹೇಳಿದ್ದೆ, ನನಗೆ ಇಂಗ್ಲಿಷ್ ಓದಲು ಬರುತ್ತದೆ ಎಂದು. ಮುಂದೆ ನಡೆದದ್ದಕ್ಕೆಲ್ಲ ಆ ಸುಳ್ಳೇ ತಾಯಿಬೇರು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭವಾಗುತ್ತದೆ.

ಯುದ್ಧ ನಡೆಯುತ್ತಿದ್ದ ಕಾಲ. ದಂಡು ಪ್ರದೇಶದ ಒಂದು ಆಸ್ಪತ್ರೆಯಲ್ಲಿ ನಾನು ವಾರ್ಡಿನ ಆಳಾಗಿದ್ದೆ. ಸ್ಟ್ರೆಚರ್ ಹೊರುವುದು, ನೆಲ ಒರೆಸುವುದು, ರೋಗಿಗಳನ್ನು ಮಗ್ಗುಲು ಹೊರಳಿಸುವುದು ನನ್ನ ಕೆಲಸ. ಗಾಯಗಳಿಗೆ ಔಷಧಿ ಹಚ್ಚಿ ಕಟ್ಟು ಕಟ್ಟುವ ಡ್ರೆಸ್ಸರುಗಳು ಬೇರೆ ಇದ್ದರು. ಅವರನ್ನು ಒಬ್ಬೊಬ್ಬರಾಗಿ ಸೈನ್ಯ ಕರೆಸಿಕೊಂಡಿತು. ಕೊನೆಗೆ ಕಾಂಪೌಂಡಿನ ಹಿಂದಿನ ಸೆಪ್ಟಿಕ್ ವಾರ್ಡಿಗೆ, ಅಂದರೆ ಕೀವು ಹಿಡಿದ ಗಾಯದವರನ್ನು ಬೇರೆಯಾಗಿ ಇಡುತ್ತಿದ್ದ ವಾರ್ಡಿಗೆ, ಡ್ರೆಸ್ಸರೇ ಇಲ್ಲದಂತಾಯಿತು. ಹಾಳೂರಿಗೆ ಉಳಿದವನೇ ಗೌಡ. ವಾರ್ಡಿನ ಮುಖ್ಯ ನರ್ಸ್ ಆಗಿದ್ದ ಸಿಸ್ಟರ್ ನನ್ನನ್ನು ಕರೆದು, ಡಾಕ್ಟರು ಬರೆದ ಚಾರ್ಟು ಓದಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ.

ಅದು ಪೂರ್ತಿ ಸುಳ್ಳೂ ಅಲ್ಲ. ಹಲಸೂರಿನ ಶಾಲೆಯಲ್ಲಿ ಕನ್ನಡದಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದೆ. ಇಂಗ್ಲಿಷ್ ಅಕ್ಷರಗಳನ್ನು ಕಮರ್ಷಿಯಲ್ ಸ್ಟ್ರೀಟಿನ ಬೋರ್ಡುಗಳಿಂದಲೂ ಔಷಧಿ ಬಾಟಲಿಗಳಿಂದಲೂ ಕಲಿತಿದ್ದೆ. ಕೂಡಿಸಿ ಓದುತ್ತಿದ್ದೆ. ಅರ್ಥ ಗೊತ್ತಾಗದ ಕಡೆ ಅಂದಾಜು ಮಾಡುತ್ತಿದ್ದೆ. ಡ್ರೆಸ್ಸರು ಮಾಡುವುದನ್ನು ನಾಲ್ಕು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದರಿಂದ ಅಂದಾಜು ಹೆಚ್ಚಾಗಿ ಸರಿಯಾಗುತ್ತಿತ್ತು.

ಸೆಪ್ಟಿಕ್ ವಾರ್ಡಿನ ಕೆಲಸಕ್ಕೆ ಬಂದ ಮೇಲೆ ಜನ ನನ್ನಿಂದ ದೂರವಾದರು. ಕೀವಿನ ವಾಸನೆ ಕಾರ್ಬಾಲಿಕ್ ಸೋಪಿಗೂ ಜಗ್ಗುವುದಿಲ್ಲ. ಅದು ಸಾಲದೆಂದು ಕೈ ಬಣ್ಣವೂ ಬದಲಾಯಿತು. ಗಾಯಕ್ಕೆ ಹಚ್ಚುತ್ತಿದ್ದ ಹಳದಿ ಔಷಧಿ ಯುದ್ಧದಿಂದಾಗಿ ಸಿಗದಂತಾಗಿತ್ತು. ಕೀವು ಒಣಗಿಸುವ ಸಲ್ಫಾ ಪುಡಿ ಚಿಟಿಕೆಯಷ್ಟು ಬರುತ್ತಿತ್ತು. ಡಾಕ್ಟರು ಲ್ಯಾಬಿಗೆ ಹೋಗಿ, ಅಲ್ಲಿ ಕ್ರಿಮಿಗಳಿಗೆ ಬಣ್ಣ ಹಾಕಿ ನೋಡಲು ಇಟ್ಟುಕೊಂಡಿದ್ದ ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು ತಂದು, ಇದನ್ನೇ ಹಚ್ಚಿ ಎಂದರು. ಒಂದು ವಾರದಲ್ಲಿ ನನ್ನ ಎರಡೂ ಕೈ ಮಣಿಕಟ್ಟಿನವರೆಗೆ ನೀಲಿಯಾದವು. ಉಗುರಿನ ಸಂದು ಇನ್ನೂ ಕಡುನೀಲಿ.

ನಾನು ಹಲಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಕೆಟ್ಟವರಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು, ಹೆದರಿದರು. ನನ್ನ ತಟ್ಟೆ ಹಿತ್ತಲ ಜಗಲಿಗೆ ಹೋಯಿತು. ಯಾರೂ ಏನೂ ಹೇಳಲಿಲ್ಲ, ತಟ್ಟೆ ಅಲ್ಲಿತ್ತು ಅಷ್ಟೆ. ಹೆಣ್ಣು ನೋಡಲು ಹೋದ ಕಡೆ ಹುಡುಗಿಯ ತಂದೆ ನನ್ನ ಮುಖ ನೋಡುವ ಮೊದಲು ಕೈ ನೋಡಿದರು. ಕಾಫಿ ಹೋಟೆಲಿನಲ್ಲಿ ನಾನು ಕೂತ ಬೆಂಚಿನಿಂದ ಜನ ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು. ನಾನು ನಿಂತು ಕುಡಿಯುವುದನ್ನು ರೂಢಿ ಮಾಡಿಕೊಂಡೆ. ನೋವಾಗುತ್ತಿರಲಿಲ್ಲ ಎಂದು ಆಗ ಹೇಳಿಕೊಳ್ಳುತ್ತಿದ್ದೆ. ತುಂಬ ನೋವಾಗುತ್ತಿತ್ತು.

ಹೀಗಿರುವಾಗ ದರ್ಜಿಯನ್ನು ಕರೆತಂದರು. ಐವತ್ತು ದಾಟಿದ ಮನುಷ್ಯ. ಕೆ.ಆರ್. ಪುರದ ಒಕ್ಕಲು ಮನೆತನದವರು, ಚಿಕ್ಕಂದಿನಲ್ಲೇ ಕಮರ್ಷಿಯಲ್ ಸ್ಟ್ರೀಟಿಗೆ ಬಂದು ಟೈಲರ್ ಆದವರು. ಜಟಕಾ ಗಾಲಿ ಉಜ್ಜಿ ಬಲಗಾಲಿನ ಮೊಣಕಾಲ ಕೆಳಗೆ ಮುಂಭಾಗದ ಚರ್ಮ ಕಿತ್ತು ಹೋಗಿತ್ತು. ಮೂರು ತಿಂಗಳು ಮನೆಮದ್ದು ಮಾಡಿದ್ದರು. ಗಾಯ ಅಂಗೈಯಗಲವಾಗಿತ್ತು, ಆಳವಿರಲಿಲ್ಲ. ಮೇಲೆ ಹಳದಿ ಕೀವು, ಅದರ ಕೆಳಗೆ ಒದ್ದೆ ಚಕ್ಕಳದ ಹಾಗೆ ಸತ್ತ ಮಾಂಸ. ಡಾಕ್ಟರು ಚಿಮಟದಿಂದ ಮುಟ್ಟಿ ನೋಡಿ ಹದಿನೈದು ದಿನದ ಗಡುವು ಹೇಳಿದರು. ಅಷ್ಟರಲ್ಲಿ ಕೀವು ನಿಲ್ಲದಿದ್ದರೆ, ಮೂಳೆಗೆ ಇಳಿಯುವ ಮೊದಲು ಮೊಣಕಾಲ ಮೇಲಕ್ಕೆ ಕತ್ತರಿಸಬೇಕು.

ಡಾಕ್ಟರು ಹೋದ ಮೇಲೆ ದರ್ಜಿ ನನ್ನ ಕಡೆ ತಿರುಗಿ, "ಮಿಷನ್ ತುಳಿಯೋ ಕಾಲಪ್ಪಾ ಇದು. ಇನ್ನೊಂದು ಕಾಲಾಗಿದ್ರೆ ಕೊಟ್ಬಿಡ್ತಿದ್ದೆ" ಎಂದರು.

ನನ್ನ ಕೈ ನೋಡಿ ಅವರು ಹಿಂಜರಿಯಲಿಲ್ಲ. ಬಣ್ಣದ ಬಟ್ಟೆ ಹೊಲಿದು ಬೆರಳಿಗೆ ಬಣ್ಣ ಹತ್ತಿಸಿಕೊಂಡವರು. ಇದು ಯಾವ ಸಾಯ, ಬಿಡುತ್ತದೆಯೋ ನಿಲ್ಲುತ್ತದೆಯೋ ಎಂದು ಕೇಳಿದರು. ಬಟ್ಟೆಗೆ ಹಾಕುವ ಬಣ್ಣಕ್ಕೆ ದರ್ಜಿಗಳು ಸಾಯ ಎನ್ನುತ್ತಾರೆ. ಆ ವಾರ್ಡಿನಲ್ಲಿ ಹೆಚ್ಚಿನವರು ತಮಿಳು ಇಲ್ಲವೇ ದಖ್ಖನಿ ಉರ್ದು ಆಡುವವರು. ನನ್ನ ಭಾಷೆಯಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರು ಬಹಳ ದಿನದ ಮೇಲೆ ಸಿಕ್ಕಿದ್ದರು.

ಮರುದಿನ ಚಾರ್ಟು ನೋಡಿದೆ. "ಮೆಥ್. ಬ್ಲೂ. ಲೈಟ್ ಡ್ರೆಸ್ಸಿಂಗ್. ಡೈಲಿ." ನೀಲಿ ಗೊತ್ತು, ಡ್ರೆಸ್ಸಿಂಗ್ ಗೊತ್ತು, ಡೈಲಿ ಗೊತ್ತು. ಲೈಟ್ ಅಂತೂ ಯಾರಿಗೆ ಗೊತ್ತಿಲ್ಲ? ಬೀದಿಯಲ್ಲಿ ಲೈಟ್ ಕಂಬ. ಮನೆಯಲ್ಲಿ ಲೈಟ್ ಸ್ವಿಚ್ಚು. ಬಾಂಬಿನ ಭಯಕ್ಕೆ ಸಂಜೆಯಾದರೆ ಕಿಟಕಿ ಮುಚ್ಚಬೇಕೆಂಬ ಕಾನೂನು ಬಂದಿತ್ತು, ಅದನ್ನು ನೋಡಿಕೊಳ್ಳುವ ವಾರ್ಡನ್ ಬೀದಿಬೀದಿ ತಿರುಗುತ್ತ "ಲೈಟ್, ಲೈಟ್" ಎಂದು ಕೂಗುತ್ತಿದ್ದ. ಬೆಳಕಿನಲ್ಲಿ ಕಟ್ಟು ಮಾಡಬೇಕು ಎಂದು ಡಾಕ್ಟರು ಬರೆದಿದ್ದಾರೆ. ನನಗೆ ಅನುಮಾನವೇ ಬರಲಿಲ್ಲ. ನಮ್ಮ ವಾರ್ಡಿನ ಕಿಟಕಿಗಳಿಗೆ ಆ ಕಾನೂನಿಗಾಗಿ ಕಪ್ಪು ಕಾಗದ ಅಂಟಿಸಿ, ಹಗಲಲ್ಲೂ ಕಿತ್ತಿರಲಿಲ್ಲ. ಒಳಗೆ ಮಧ್ಯಾಹ್ನವೂ ಮುಸ್ಸಂಜೆ. ಆದ್ದರಿಂದಲೇ ಡಾಕ್ಟರು ಹೀಗೆ ಬರೆದಿದ್ದಾರೆ ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮಂಚವನ್ನು ಹಿಂದಿನ ವೆರಾಂಡಕ್ಕೆ ಎಳೆದೆ. ಉಪ್ಪುನೀರಿನಿಂದ ಗಾಯ ತೊಳೆದು, ಸಡಿಲವಾದ ಸತ್ತ ಮಾಂಸವನ್ನು ಚಿಮಟದಲ್ಲಿ ತೆಗೆದು, ನೀಲಿಯಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದೆ. ಕಾಲನ್ನು ಬಿಸಿಲಿಗೆ ಚಾಚಿಸಿ, ನೊಣಕ್ಕೆ ಸೊಳ್ಳೆಪರದೆಯ ತುಂಡು ಹೊದಿಸಿದೆ. ಎಷ್ಟು ಹೊತ್ತು ಎಂದು ಚಾರ್ಟಿನಲ್ಲಿ ಇರಲಿಲ್ಲ. ಮೊದಲ ದಿನ ಅತಿಯಾಯಿತು, ಗಾಯದ ಅಂಚು ಕೆಂಪಾಗಿ ಉರಿಯಿತು, ದರ್ಜಿ ಹಲ್ಲು ಕಚ್ಚಿದರು. ಎರಡನೆಯ ದಿನದಿಂದ ಕಂಬದ ನೆರಳು ಒಂದು ಚಪ್ಪಡಿ ದಾಟುವಷ್ಟು ಹೊತ್ತು ಎಂದು ಲೆಕ್ಕ ಇಟ್ಟೆ. ದರ್ಜಿ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತೆಗೆದು ಕೊಟ್ಟರು. ಅದರಿಂದ ನೆಲದ ಮೇಲೆ ಗೆರೆ ಎಳೆದೆ. ಅಂಗಿ ಕತ್ತರಿಸುವ ಹಾಗೆ ಬಿಸಿಲು ಕತ್ತರಿಸುತ್ತೀಯಲ್ಲ ಎಂದು ನಕ್ಕರು.

ಒಂದು ವಿಷಯ ಕಣ್ಣಿಗೆ ಬಿತ್ತು. ಒಳಗೆ ಕಟ್ಟಿದ ಬೇರೆ ರೋಗಿಗಳ ಗಾಯದ ನೀಲಿ ಮರುದಿನವೂ ನೀಲಿಯಾಗಿಯೇ ಇರುತ್ತಿತ್ತು. ಬಿಸಿಲಿಗೆ ಹಿಡಿದ ಇವರ ಗಾಯದ ನೀಲಿ, ನೆರಳು ಗೆರೆ ಮುಟ್ಟುವಷ್ಟರಲ್ಲಿ ಮಂಕಾಗುತ್ತಿತ್ತು. ಇನ್ನೊಮ್ಮೆ ಹಚ್ಚಿದರೆ ಮತ್ತೆ ಮಂಕಾಗುತ್ತಿತ್ತು. ಸಾಯ ಬಿಟ್ಟಿತು ಎಂದು ದರ್ಜಿ. ಎಲ್ಲಿಗೆ ಹೋಯಿತು ಎಂದು ನಾನು. ಐದನೆಯ ದಿನ ಕಟ್ಟು ಬಿಚ್ಚುವಾಗ ಉಸಿರು ಬಿಗಿಹಿಡಿದು ಕೂತವನು ಮರೆತು ಉಸಿರೆಳೆದೆ. ವಾಸನೆ ಇರಲಿಲ್ಲ.

ಆರನೆಯ ದಿನ ಸಿಸ್ಟರ್ ಹಿಂದಿನ ಬಾಗಿಲು ತೆರೆದು, ತೆರೆದ ಗಾಯದ ರೋಗಿ ಬಿಸಿಲಿನಲ್ಲಿ ಮಲಗಿರುವುದನ್ನು ಕಂಡರು. ಅವರು ತಮಿಳು ಬೆರೆಸಿದ ಕನ್ನಡದಲ್ಲಿ ನನ್ನನ್ನು ಬೈದದ್ದನ್ನೆಲ್ಲ ಬರೆಯಲಾರೆ. ನೊಣ, ಧೂಳು, ದಡ್ಡ, ಈ ಮೂರು ಮಾತು ಪದೇಪದೇ ಬಂದವು. ಡಾಕ್ಟರೇ ಬರೆದಿದ್ದಾರೆ ಎಂದು ಚಾರ್ಟು ತೋರಿಸಿದೆ. ಅವರು ಓದಿದರು, ನನ್ನ ಮುಖ ನೋಡಿದರು. ಬೈಗುಳ ನಿಂತಿತು. ಅದು ಬೈಗುಳಕ್ಕಿಂತ ಕಷ್ಟವಾಯಿತು.

"ಲೈಟ್ ಅಂದ್ರೆ ಹಗುರ" ಎಂದರು. "ದಪ್ಪ ಕಟ್ಟಬೇಡ, ತೆಳ್ಳಗೆ ಒಂದು ಸುತ್ತು ಕಟ್ಟು ಅಂತ. ನಿನಗೆ ಇಂಗ್ಲಿಷ್ ಬರಲ್ಲ, ಅಲ್ವಾ?"

ಡಾಕ್ಟರಿಗೆ ಹೇಳುವುದಿಲ್ಲ, ಇನ್ನು ಮುಂದೆ ಗೊತ್ತಿಲ್ಲದ್ದನ್ನು ಕೇಳು ಎಂದು ಹೇಳಿ ಸಿಸ್ಟರ್ ಹೋದರು. ಒಂದೇ ಮಾತಿಗೆ ಎರಡು ಅರ್ಥ ಇಟ್ಟುಕೊಂಡ ಆ ಭಾಷೆಯ ಮೇಲೆ ನನಗೆ ಸಿಟ್ಟು ಬಂತು. ಅಡ್ಡಗೋಡೆಯ ಮೇಲೆ ದೀಪ ಇಡುವವರು ನಮ್ಮಲ್ಲಿ ಮಾತ್ರ ಇದ್ದಾರೆ ಎಂದುಕೊಂಡಿದ್ದೆ.

ಮಂಚ ಒಳಗೆ ಬಂತು. ನೀಲಿ ಹಚ್ಚಿ, ತೆಳ್ಳಗೆ, ಅಚ್ಚುಕಟ್ಟಾಗಿ, ಚಾರ್ಟಿನಲ್ಲಿ ಇದ್ದ ಹಾಗೆಯೇ ಕಟ್ಟಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಗಾಜ್ ಬಟ್ಟೆ ಹಳದಿಯಾಗಿ ಅಂಟಿಕೊಂಡಿತ್ತು. ನಾಲ್ಕನೆಯ ದಿನ ವಾಸನೆ ಬಾಗಿಲಲ್ಲೇ ಸಿಕ್ಕಿತು. ದರ್ಜಿ ನನ್ನನ್ನು ದೂರಲಿಲ್ಲ. ಹೊರಗೆ ಮಲಗಿಸುತ್ತಿದ್ದೆಯಲ್ಲ, ಅದೇ ಚೆನ್ನಾಗಿತ್ತು ಎಂದರು ಅಷ್ಟೆ. ಗಡುವಿಗೆ ಐದು ದಿನ ಉಳಿದಿತ್ತು.

ಆ ದಿನ ನಾನು ಹಿತ್ತಲ ಜಗಲಿಯಲ್ಲಿ ಊಟ ಬಿಟ್ಟು ಕೂತೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಕಾಲು ಹೋಗುತ್ತದೆ. ಹೇಳಿದರೆ ಕೆಲಸ ಹೋಗುತ್ತದೆ, ಕಾಲು ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಬಿಸಿಲಿನಿಂದಲೇ ವಾಸಿಯಾಯಿತು ಎನ್ನಲು ನಾನು ಯಾರು? ಕೇಳಲು ಒಬ್ಬರಿಲ್ಲ. ಅಣ್ಣನನ್ನು ಕೇಳಿದರೆ ಸುಮ್ಮನಿರು ಎನ್ನುತ್ತಿದ್ದ. ಆ ಜಗಲಿಯಲ್ಲಿ ಅಷ್ಟು ತಿಂಗಳು ಒಬ್ಬನೇ ಕೂತದ್ದು ಒಂದು ವಿಷಯಕ್ಕೆ ಒಳ್ಳೆಯದಾಯಿತು. ನನ್ನನ್ನು ತಡೆಯುವವರೂ ಇರಲಿಲ್ಲ.

ಮರುದಿನ ಡಾಕ್ಟರು ಬಂದಾಗ ಎಲ್ಲ ಹೇಳಿದೆ. ಅವರು ಮಿತಭಾಷಿ, ಕನ್ನಡ ಅರೆಬರೆ. ಇಂಗ್ಲಿಷ್ ಬರುವುದಿಲ್ಲ, ಸುಳ್ಳು ಹೇಳಿದ್ದೆ, ಲೈಟ್ ಎಂದರೆ ಬೆಳಕು ಎಂದುಕೊಂಡೆ, ಬಿಸಿಲಿಗೆ ಹಿಡಿದೆ, ವಾಸನೆ ಹೋಯಿತು, ಒಳಗೆ ತಂದೆ, ವಾಸನೆ ಬಂತು. ನೀಲಿ ಬಿಸಿಲಿನಲ್ಲಿ ಮಂಕಾಗುವುದನ್ನೂ ಹೇಳಿದೆ. ಅವರು ಚಾರ್ಟು ತೆಗೆದು ತಮ್ಮ ಅಕ್ಷರವನ್ನೇ ಇನ್ನೊಮ್ಮೆ ಓದಿದರು.

"ನೀನು ತಪ್ಪು ಓದಿದೆ" ಎಂದರು. "ಗಾಯ ಸರಿಯಾಗಿ ಓದ್ಕೊಂಡಿರಬಹುದು."

ಅವರು ವಿದ್ಯಾರ್ಥಿಯಾಗಿದ್ದಾಗ ಒಬ್ಬ ಮೇಷ್ಟ್ರು ಹೇಳಿದ್ದರಂತೆ: ಕೆಲವು ಬಣ್ಣಗಳು ಕತ್ತಲಲ್ಲಿ ಕ್ರಿಮಿಯನ್ನು ಏನೂ ಮಾಡುವುದಿಲ್ಲ, ಬೆಳಕು ಬಿದ್ದರೆ ಕೊಲ್ಲುತ್ತವೆ. ಬಣ್ಣ ಬೆಳಕನ್ನು ಹೀರಿಕೊಂಡು ಪಕ್ಕದಲ್ಲಿದ್ದದ್ದನ್ನು ಸುಡುತ್ತದೆ. ಪರೀಕ್ಷೆಗೆ ಬರುವ ವಿಷಯವಲ್ಲ, ಹಾಗಾಗಿ ಎಲ್ಲರೂ ಮರೆತರು. ಆದರೆ ಅವರು ಅಷ್ಟಕ್ಕೇ ನಂಬುವವರಲ್ಲ. ವಾಸಿ ಮಾಡಿದ್ದು ಬೆಳಕೋ, ಬರೀ ಗಾಳಿಯೋ, ಬಿಸಿಯೋ ಎಂದು ಕೇಳಿದರು. ನೋಡೋಣ ಎಂದರು.

ಎಕ್ಸರೇ ಫಿಲಂ ಸುತ್ತಿ ಬರುವ ಕಪ್ಪು ಕಾಗದ ತರಿಸಿದರು. ಗಾಯ ಪೂರ್ತಿ ನೀಲಿ ಹಚ್ಚಬೇಕು, ಪೂರ್ತಿ ಹೊರಗೆ ಇಡಬೇಕು, ಮೇಲಿನ ಅರ್ಧಕ್ಕೆ ಮಾತ್ರ ಮುಟ್ಟದ ಹಾಗೆ ಕಾಗದದ ಮರೆ ಕಟ್ಟಬೇಕು. ಗಾಳಿ ಎರಡಕ್ಕೂ, ಬೆಳಕು ಒಂದಕ್ಕೇ. ಉಳಿದದ್ದು ನಾಲ್ಕು ದಿನ. ಅರ್ಧ ಗಾಯವನ್ನು ಬೇಕೆಂದೇ ಕತ್ತಲಲ್ಲಿ ಬಿಡುವುದು ನನಗೆ ಸಂಕಟವಾಯಿತು. ದರ್ಜಿಗೆ ವಿವರಿಸಿ ಒಪ್ಪಿಗೆ ಕೇಳು ಎಂದು ಡಾಕ್ಟರು ನನ್ನನ್ನೇ ಕಳಿಸಿದರು. ದರ್ಜಿ ಯೋಚಿಸಿ, ಸಾಯ ನಿಲ್ಲುತ್ತದೆಯೋ ಇಲ್ಲವೋ ನೋಡಲು ತಾವೂ ತುಂಡು ಬಟ್ಟೆ ಅರ್ಧ ಅದ್ದಿಯೇ ನೋಡುವುದೆಂದು ಹೇಳಿ ಕಾಲು ಚಾಚಿದರು.

ಹದಿನೈದನೆಯ ದಿನ ಡಾಕ್ಟರು ಕಾಗದ ತೆಗೆದರು. ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗಿತ್ತು. ಮೇಲೆ ಹಳದಿ, ಒದ್ದೆ. ಕೆಳಗೆ ಕೆಂಪು, ಸಣ್ಣಸಣ್ಣ ಕಾಳಿನಂಥ ಹೊಸ ಮಾಂಸ. ಡಾಕ್ಟರು ಆ ದಿನ ಯಾರನ್ನೂ ಬೈಯಲಿಲ್ಲ. ಗಡುವು ಕಿತ್ತುಹಾಕಿದರು. ಸಿಸ್ಟರ್ ಮಾರನೆಯ ದಿನ ಕಿಟಕಿಯ ಕಪ್ಪು ಕಾಗದ ಹಗಲಲ್ಲಿ ಸುತ್ತಿಡುವ ಹಾಗೆ ಮಾಡಿಸಿದರು. ಅಂದಿನಿಂದ ಡಾಕ್ಟರು ರೌಂಡಿನಲ್ಲಿ "ಎಲ್ಲಿ ನಿನ್ನ ಲೈಟ್ ಡ್ರೆಸ್ಸಿಂಗ್" ಎಂದು ಕೇಳುವರು. ಆ ಮಾತು ನಮ್ಮಿಬ್ಬರ ನಡುವಿನ ತಮಾಷೆಯಾಯಿತು. ಅದೇ ತಮಾಷೆ ಮುಂದೆ ನಮ್ಮನ್ನು ಮುಳುಗಿಸಲಿತ್ತು.

ಆಷಾಢ ಬಂತು. ಮೋಡ ಕವಿದು ಬಿಸಿಲು ದಿನಕ್ಕೆ ಹತ್ತು ನಿಮಿಷ ಅಲ್ಲೊಮ್ಮೆ ಇಲ್ಲೊಮ್ಮೆ. ಮಂಚವನ್ನು ಕಾಂಪೌಂಡಿನಲ್ಲಿ ಬಿಸಿಲು ಬಿದ್ದ ಕಡೆಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಅದು ಬೇರೆ ಕಡೆ. ದರ್ಜಿಯೇ ಉಪಾಯ ಹೇಳಿದರು. ಅಂಗಡಿಯಲ್ಲಿ ಗಿರಾಕಿಗಳು ಕೋಟು ಹಾಕಿ ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಸುಮ್ಮನೆ ನಿಂತಿದೆ, ತಾ ಎಂದರು.

ಕಮರ್ಷಿಯಲ್ ಸ್ಟ್ರೀಟಿನಿಂದ ಆಸ್ಪತ್ರೆಯವರೆಗೆ ಆ ಕನ್ನಡಿಯನ್ನು ಎದೆಗೆ ಆನಿಸಿ ಹೊತ್ತು ತಂದೆ. ಎದುರಿಗೆ ಬಂದವರೆಲ್ಲ ಒಂದು ಗಳಿಗೆ ನಿಂತರು. ಟೋಪಿ ಸರಿ ಮಾಡಿಕೊಂಡರು, ಸೆರಗು ಸರಿ ಮಾಡಿಕೊಂಡರು, ಒಬ್ಬ ಸೋಲ್ಜರ್ ಮೀಸೆ ತೀಡಿದ. ಎಲ್ಲರೂ ತಮ್ಮನ್ನೇ ನೋಡಿಕೊಂಡರು. ಹಿಂದೆ ಹೊತ್ತವನನ್ನು ಯಾರೂ ನೋಡಲಿಲ್ಲ. ಅಂಚು ಹಿಡಿದ ನೀಲಿ ಬೆರಳುಗಳು ಮಾತ್ರ ಅವರಿಗೆ ಕಂಡಿರಬೇಕು. ಶಿವಾಜಿನಗರದ ಆ ಜನಸಂದಣಿಯಲ್ಲಿ ನನಗೆ ಅಳು ಬಂತು, ಕನ್ನಡಿಯ ಮರೆಯಲ್ಲಿ ಅತ್ತೆ.

ಕನ್ನಡಿ ಕೆಲಸ ಮಾಡಿತು. ಬಿಸಿಲು ಹಣಕಿದಾಗ ಒಂದು ಕಡೆಯಿಂದ ನೇರವಾಗಿ, ಇನ್ನೊಂದು ಕಡೆಯಿಂದ ಕನ್ನಡಿಯಿಂದ ಕಾಲಿನ ಮೇಲೆ ಬೀಳಿಸುತ್ತಿದ್ದೆ. ಬಿಸಿಯಾಗದಂತೆ ಆಗಾಗ ಉಪ್ಪುನೀರು ಚಿಮುಕಿಸುತ್ತಿದ್ದೆ. ನಿಧಾನವಾಗಿ ಅಂಚಿನಿಂದ ತೆಳು ಚರ್ಮ ಒಳಗೆ ಬರತೊಡಗಿತು. ಅಂಗೈಯಗಲದ ಗಾಯ ವೀಳ್ಯದೆಲೆಯಷ್ಟಾಯಿತು, ಆಮೇಲೆ ಹುಣಸೆ ಬೀಜದಷ್ಟು. ಆ ವಾರಗಳಲ್ಲಿ ದರ್ಜಿ ಮಲಗಿದಲ್ಲಿಂದಲೇ ನನ್ನ ಅಳತೆ ತೆಗೆದರು. ನಿನ್ನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ, ಇದುವರೆಗೆ ಯಾರೂ ನೋಡಿಲ್ಲ ಎಂದರು. ನಿಜ, ಯಾರೂ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಡಾಕ್ಟರಿಗೆ ಸೈನ್ಯದ ಕರೆ. ಗಾಯಗೊಂಡವರ ರೈಲು ಬರುತ್ತಿದೆ, ನಡೆಯಬಲ್ಲ ರೋಗಿಗಳನ್ನೆಲ್ಲ ಮನೆಗೆ ಕಳಿಸಬೇಕು. ದರ್ಜಿ ಕೆ.ಆರ್. ಪುರಕ್ಕೆ ಮಗಳ ಮನೆಗೆ ಹೋಗುವುದು, ಅಲ್ಲಿಯ ಡಿಸ್ಪೆನ್ಸರಿಯಲ್ಲಿ ಕಟ್ಟು ಮುಂದುವರಿಸುವುದು ಎಂದಾಯಿತು. ಡಾಕ್ಟರು ನಿಂತ ಕಾಲಲ್ಲೇ ಚೀಟಿ ಬರೆದು, ನೀಲಿಯ ಒಂದು ಬಾಟಲಿ ಕೊಡಿಸಿ, ನನ್ನ ಭುಜ ತಟ್ಟಿ ಹೊರಟರು. ನಾನೇ ದರ್ಜಿಯನ್ನು ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. ವಾಪಸು ಬಂದಾಗ ವೆರಾಂಡದಲ್ಲಿ ಸೀಮೆಸುಣ್ಣದ ಗೆರೆ ಇತ್ತು. ನೆಲ ಒರೆಸುವವರಿಗೆ ಅದೊಂದು ಜಾಗ ಬಿಡಿ ಎಂದೆ.

ವಾರ್ಡಿಗೆ ಮದರಾಸಿನಿಂದ ಇನ್ನೊಬ್ಬ ಡ್ರೆಸ್ಸರ್ ಬಂದ, ಓದಿದವನು. ದರ್ಜಿ ಹೋದ ಆರನೆಯ ದಿನ ಅವನು ಒಬ್ಬ ರೋಗಿಯ ಚಾರ್ಟು ನೋಡಿ, "ಲೈಟ್ ಡ್ರೆಸ್ಸಿಂಗ್" ಎಂದು ಜೋರಾಗಿ ಓದಿ, ತೆಳು ಗಾಜ್ ತೆಗೆದು ಒಂದು ಸುತ್ತು ಕಟ್ಟಿದ. ನಾನು ಕೈಯಲ್ಲಿದ್ದ ಟ್ರೇ ಕೆಳಗಿಟ್ಟೆ. ದರ್ಜಿಯ ಚೀಟಿಯಲ್ಲಿ ಡಾಕ್ಟರು ಬರೆದದ್ದು ಅದೇ ಎರಡು ಮಾತು. ಅವರಿಗೆ ರೂಢಿಯಾಗಿಹೋಗಿತ್ತು, ನನಗೂ. ಅದರ ನಮ್ಮ ಅರ್ಥ ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು, ಒಬ್ಬರು ಯುದ್ಧಕ್ಕೆ ಹೋಗಿದ್ದರು.

ಸಿಸ್ಟರನ್ನು ರಜೆ ಕೇಳಿದೆ. ವಾರ್ಡು ತುಂಬಿದೆ, ಆಗುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ನಡೆದುಬಿಟ್ಟೆ.

ಕೆ.ಆರ್. ಪುರದ ಸ್ಟೇಷನ್ನಿನಲ್ಲಿ ಇಳಿದು ಕೇಳಿಕೊಂಡು ಮನೆ ಹುಡುಕಿದೆ. ಮಗಳು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮನೆಯ ಮುಂದೆ ಬಿಸಿಲು ಧಾರಾಳವಾಗಿತ್ತು. ದರ್ಜಿ ಮಾತ್ರ ನಡುಮನೆಯ ಕತ್ತಲಲ್ಲಿ ಮಲಗಿದ್ದರು. ಗಾಯಕ್ಕೆ ಬಿಸಿಲು ತಾಗಬಾರದು ಎಂದು ಡಿಸ್ಪೆನ್ಸರಿಯ ಕಾಂಪೌಂಡರು ಹೇಳಿದ್ದರಂತೆ. ತಾವು ಎಷ್ಟು ಹೇಳಿದರೂ ಆತ ಕೇಳಲಿಲ್ಲ, ಓದಿದವನು, ತಪ್ಪು ತಮ್ಮದೇ ಇರಬೇಕು ಎಂದುಕೊಂಡಿದ್ದಾಗಿ ದರ್ಜಿ ಹೇಳಿದರು. ಕಾಲಿನ ಕಟ್ಟು ನೋಡಿದೆ. ಅಷ್ಟು ಅಚ್ಚುಕಟ್ಟಾದ ಕಟ್ಟು ನನ್ನ ಕೈಯಿಂದ ಎಂದೂ ಬಂದಿಲ್ಲ. ಬಿಚ್ಚಿದೆ. ಹುಣಸೆ ಬೀಜ ಮತ್ತೆ ವೀಳ್ಯದೆಲೆಯಾಗಿತ್ತು, ಹಳದಿಯಾಗಿತ್ತು.

ಕಾಂಪೌಂಡರು ಬಂದಾಗ ಅವರೊಂದಿಗೆ ಜಗಳಕ್ಕೆ ಸಿದ್ಧನಾಗಿ ಕೂತಿದ್ದೆ. ಆದರೆ ಆತ ಸಭ್ಯ ಮನುಷ್ಯ. ಕನ್ನಡಕ ಸರಿ ಮಾಡಿಕೊಂಡು ಚೀಟಿ ತೋರಿಸಿದರು.

"ನೋಡ್ರೀ, ಲೈಟ್ ಡ್ರೆಸ್ಸಿಂಗ್ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಇದಕ್ಕಿಂತ ಹಗುರವಾಗಿ ಕಟ್ಟೋಕಾಗಲ್ಲ. ನಾನು ಓದಿದ್ದು ತಪ್ಪೇನ್ರೀ?"

"ನೀವು ಓದಿದ್ದೇ ಸರಿ ಸ್ವಾಮಿ" ಎಂದೆ. "ನಾನು ತಪ್ಪು ಓದಿದ್ದೆ. ಕಾಲು ಉಳ್ಕೊಂಡಿದ್ದು ಆ ತಪ್ಪಿನಿಂದ."

ಆಮೇಲೆ ಮೊದಲಿನಿಂದ ಎಲ್ಲ ಹೇಳಿದೆ. ಆತ ನಂಬಿದರೋ ಇಲ್ಲವೋ, ಚೀಟಿಯನ್ನು ನನ್ನ ಕೈಗೆ ಕೊಟ್ಟು, ಏನು ಬೇಕೋ ಬರೆದುಕೊಡಿ ಎಂದರು. ಡಾಕ್ಟರ ಅಕ್ಷರದ ಕೆಳಗೆ ಕನ್ನಡದಲ್ಲಿ ಬರೆದೆ: ನೀಲಿ ಹಚ್ಚಿ ಬಿಸಿಲಿಗೆ ಹಿಡಿಯಬೇಕು, ನೀಲಿ ಮಂಕಾದರೆ ಇನ್ನೊಮ್ಮೆ ಹಚ್ಚಬೇಕು, ಆಮೇಲೆ ತೆಳ್ಳಗೆ ಕಟ್ಟಬೇಕು. ನನ್ನ ಜೀವನದಲ್ಲಿ ನಾನು ಬರೆದ ಔಷಧಿ ಚೀಟಿ ಅದೊಂದೇ.

ಮೂರು ದಿನ ಅಲ್ಲೇ ಉಳಿದೆ. ಮಗಳು ಮೆಣಸಿನಕಾಯಿಯನ್ನು ಒತ್ತರಿಸಿ ಅಪ್ಪನ ಕಾಲಿಗೆ ಜಾಗ ಮಾಡಿದಳು. ಗೆರೆ ಎಳೆಯುವುದು, ತೊಳೆಯುವುದು, ಹಚ್ಚುವುದು ಅವಳಿಗೂ ಕಲಿಸಿದೆ. ಮೊದಲ ಮಧ್ಯಾಹ್ನ ಊಟಕ್ಕೆ ಕರೆದಾಗ ನಾನು ಅಭ್ಯಾಸದಿಂದ ಜಗಲಿಯ ಕಡೆ ಹೊರಟೆ. ಅವಳು ಒಳಗೆ ಅಪ್ಪನ ಪಕ್ಕದಲ್ಲೇ ಎಲೆ ಹಾಕಿದ್ದಳು. ಕೈ ಮರೆಮಾಡಿಕೊಂಡು ನಿಂತೆ. ಅವಳು ನೋಡಿದಳು.

"ಅಪ್ಪನ ಕಾಲಿಗಿರೋ ಬಣ್ಣಾನೇ ತಾನೇ ಐತೆ. ಕೂತ್ಕೊಳ್ಳಣ್ಣಾ, ಮುದ್ದೆ ಆರ್ತದೆ" ಎಂದಳು.

ನಾಲ್ಕನೆಯ ದಿನ ಗಾಯ ಮತ್ತೆ ಕೆಂಪಾಗಿತ್ತು. ಆಸ್ಪತ್ರೆಗೆ ಮರಳಿದೆ, ಕೆಲಸ ಹೋಗಿದೆ ಎಂದೇ ಅಂದುಕೊಂಡು. ಏಪ್ರನ್ ಅದೇ ಮೊಳೆಯಲ್ಲಿತ್ತು, ಒಗೆದು ಇಟ್ಟಿದ್ದರು. ಸಿಸ್ಟರ್ ಆ ದಿನಗಳಲ್ಲಿ ನನ್ನ ಪಾಲಿನ ಗಾಯಗಳನ್ನು ತಾವೇ ಕಟ್ಟಿದ್ದರು. ಕಾಲು ಹೇಗಿದೆ ಎಂದು ಕೇಳಿದರು. ಹೇಳಿದೆ. "ಮುಂದಿನ ಸಲ ಹೋಗುವಾಗ ಜ್ವರ ಅಂತ ಒಂದು ಸುಳ್ಳಾದ್ರೂ ಹೇಳಿ ಹೋಗು. ನಿನಗೆ ಬರುತ್ತಲ್ಲ" ಎಂದು ಟ್ರೇ ನನ್ನ ಕಡೆ ತಳ್ಳಿದರು.

ಯುದ್ಧ ಮುಗಿಯಿತು. ಪೆನಿಸಿಲಿನ್ ಎಂಬ ಔಷಧಿ ನಮ್ಮಂಥ ಆಸ್ಪತ್ರೆಗೂ ಬಂತು. ಸೂಜಿ ಚುಚ್ಚಿದರೆ ಕೀವು ಒಣಗುತ್ತಿತ್ತು, ಬಿಸಿಲು ಕಾಯುವ ಗೊಡವೆ ಇರಲಿಲ್ಲ. ನೀಲಿ ಬಾಟಲಿಗಳು ಲ್ಯಾಬಿಗೆ ವಾಪಸಾದವು. ಡಾಕ್ಟರು ಮರಳಿ ಈ ಊರಿಗೆ ಬರಲಿಲ್ಲ. ವೆರಾಂಡಕ್ಕೆ ಹೊಸ ಗಾರೆ ಹಾಕಿದರು, ಗೆರೆ ಅದರ ಕೆಳಗೆ ಹೋಯಿತು. ಒಂದು ತಿಂಗಳಲ್ಲಿ ನನ್ನ ಕೈ ಎಲ್ಲರ ಕೈಯಂತಾಯಿತು. ಅತ್ತಿಗೆ ತಟ್ಟೆಯನ್ನು ಮತ್ತೆ ಒಳಗೆ ಇಟ್ಟರು. ಒಳಗೆ ಕೂತು ಉಂಡೆ. ಎಲ್ಲರ ಮಧ್ಯೆ ಕೂತರೂ ಜಗಲಿಯಲ್ಲೇ ಇದ್ದ ಹಾಗೆ ಆಗುತ್ತಿತ್ತು, ಆ ರೂಢಿ ಕೈ ಬಣ್ಣದಷ್ಟು ಬೇಗ ಬಿಡಲಿಲ್ಲ.

ದರ್ಜಿಯ ಕಾಲು ಏನಾಯಿತೋ ಎಂದು ತಿಳಿಯಲು ಹೋಗಲಿಲ್ಲ. ಹೆದರಿಕೆ. ಒಂದು ಮಧ್ಯಾಹ್ನ ಕಮರ್ಷಿಯಲ್ ಸ್ಟ್ರೀಟಿಗೆ ಬೇರೆ ಕೆಲಸಕ್ಕೆಂದು ಹೋದವನು, ಆ ಅಂಗಡಿಯ ಎದುರು ಬದಿಯಲ್ಲಿ ನಿಂತುಬಿಟ್ಟೆ. ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಒಳಗಿರಬೇಕಾದ ಮಿಷನ್ನನ್ನು ಬಾಗಿಲಿಗೆ ಎಳೆದು ಹಾಕಿಕೊಂಡಿದ್ದರು. ಬಲಗಾಲಿನ ಪಂಚೆ ಮೊಣಕಾಲವರೆಗೆ ಮಡಚಿತ್ತು, ಹೊಳೆಯುವ ಹೊಸ ಚರ್ಮದ ಮೇಲೆ ಬಿಸಿಲು ಬಿದ್ದಿತ್ತು, ಕಾಲು ತುಳಿಯುತ್ತಿತ್ತು.

ಬೀದಿ ದಾಟಿ ಹೋಗಿ ಮುಂದೆ ನಿಂತೆ. ನನ್ನ ನೆರಳು ಅವರ ಕಾಲಿನ ಮೇಲೆ ಬಿತ್ತು. ಅವರು ತಲೆ ಎತ್ತಲಿಲ್ಲ. ನೆರಳಿನಲ್ಲೇ ತೋಳಿನ ಅಳತೆ ಗುರುತು ಹಿಡಿದರೋ ಏನೋ. ಹೊಲಿಗೆ ನಿಲ್ಲಿಸದೆ ಪಕ್ಕದ ಬೆಂಚಿನ ಮೇಲಿದ್ದ ಬಟ್ಟೆ ಸರಿಸಿದರು.

"ಬೆಳಕಿಗೆ ಅಡ್ಡ ನಿಂತ್ಕೋಬೇಡಪ್ಪಾ" ಎಂದರು. "ಇಲ್ಲಿ ಪಕ್ಕಕ್ಕೆ ಬಂದು ಕೂತ್ಕೋ."

ಕೂತೆ.